ಕವರ್ ಮನೇಲೇ ಬಿಟ್ಟು ಬಂದೆ ಡಾಕ್ಟ್ರೇ

ನಮಸ್ಕಾರ. ತಾಲ್ಲೂಕು ಕೇಂದ್ರದಲ್ಲಿ ಒಂದು ಸಣ್ಣ ಕ್ಲಿನಿಕ್ ನಡೆಸೋ ವೈದ್ಯ ನಾನು. ದಿನಾ ಯಾರಾದ್ರೂ ಒಬ್ಬರು ಬಾಗಿಲಲ್ಲೇ ನಿಂತು ಹೇಳೋ ಮಾತಿದೆ: "ಕವರ್ ಮನೇಲೇ ಬಿಟ್ಟು ಬಂದೆ ಡಾಕ್ಟ್ರೇ."

ಕವರ್ ಅಂದ್ರೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಹತ್ತು ವರ್ಷದ ಔಷಧಿ ಚೀಟಿಗಳು, ಲ್ಯಾಬ್ ರಿಪೋರ್ಟುಗಳು, ಅಕ್ಷರ ಮಾಸಿ ಬೆಳ್ಳಗಾದ ಇಸಿಜಿ. ಒಳರೋಗಿಗಳ ದಾಖಲೆಯನ್ನ 3 ವರ್ಷ ಇಟ್ಟಿರಬೇಕು, ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತೆ. ಆದ್ರೆ ಹೊರಗಿಂದ ಬಂದು ತೋರಿಸ್ಕೊಂಡು ಹೋಗೋರು? ಅವರ ಕಾಯಿಲೆಯ ಇತಿಹಾಸವೆಲ್ಲ ಆ ಕವರ್‌ನಲ್ಲೇ ಇರುತ್ತೆ. ಅದು ಮನೇಲಿದ್ದ ದಿನ ನನ್ನ ಎದುರು ಕೂತಿರೋದು ಇತಿಹಾಸವೇ ಇಲ್ಲದ ಮನುಷ್ಯ. "ಯಾವ್ದೋ ಒಂದು ಇಂಜೆಕ್ಷನ್ ನಂಗೆ ಆಗಲ್ಲ ಅಂದಿದ್ರು, ಯಾವ್ದು ಅಂತ ಗೊತ್ತಿಲ್ಲ" ಅಂದಾಗ ನನ್ನ ಕೈ ನಡುಗುತ್ತೆ.

ಒಬ್ಬ ರಾಗಿ ಬೆಳೆಯೋ ರೈತರ ವಿಷಯ ಹೇಳ್ತೀನಿ. ಮಂಡಿನೋವು, ಬಿಪಿ ಎರಡೂ ಇತ್ತು. ಒಂದು ದಿನ ಅವರ ಕವರನ್ನ ಟೇಬಲ್ ಮೇಲೆ ಸುರಿದು, ಬಿಡುವು ಮಾಡ್ಕೊಂಡು ಚೀಟಿಗಳನ್ನ ತಾರೀಕಿನ ಪ್ರಕಾರ ಜೋಡಿಸಿದೆ. ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೇಗಿದೆ ಅಂತ ಹೇಳೋ ರಕ್ತಪರೀಕ್ಷೆ (ಅಂಕಿ ಏರ್ತಾ ಹೋದ್ರೆ ಕಿಡ್ನಿ ಸೋಲ್ತಿದೆ ಅಂತ), ಒಂದು ಲ್ಯಾಬಲ್ಲಿ 1.1, ಮುಂದಿನ ವರ್ಷ ಇನ್ನೊಂದು ಲ್ಯಾಬಲ್ಲಿ 1.4, ಅದರಾಚೆ ಮೂರನೇ ಕಡೆ 1.9. ಆ ನಡುವಿನ ಚೀಟಿಗಳಲ್ಲೆಲ್ಲ ಮಂಡಿನೋವಿಗೆ ಡೈಕ್ಲೋಫಿನಾಕ್. ಬಿಪಿ ಇರೋರಿಗೆ ಆ ನೋವಿನ ಮಾತ್ರೆ, ಇಂಜೆಕ್ಷನ್ ಪದೇಪದೇ ಕೊಟ್ರೆ ಕಿಡ್ನಿ ಸೋಲಬಹುದು. ಇದು ಎಲ್ಲ ವೈದ್ಯರಿಗೂ ಗೊತ್ತು. ಬಿಡಿಬಿಡಿಯಾಗಿ ಒಂದೊಂದು ರಿಪೋರ್ಟ್ ನೋಡಿದವರಿಗೆ ದೊಡ್ಡ ಗಾಬರಿ ಆಗಿರಲಿಲ್ಲ. ಮೂರನ್ನೂ ಸಾಲಾಗಿ ಯಾರೂ ನೋಡಿರಲಿಲ್ಲ. ಆ ಚೀಟಿಗಳಲ್ಲಿ ಎರಡು ನನ್ನ ಕೈಬರಹದಲ್ಲೇ ಇದ್ವು. ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ಮರುತಿಂಗಳೇ ಕ್ಲಿನಿಕ್‌ಗೆ ಕಂಪ್ಯೂಟರ್ ತಂದೆ, ರೋಗಿಗಳ ದಾಖಲೆ ಇಡೋ ಸಾಫ್ಟ್‌ವೇರ್ ಹಾಕಿಸಿದೆ. ಮೊದಲ ವರ್ಷ ಅದು ನನ್ನ ಪ್ರಾಣ ತಿಂತು. ಒಬ್ಬೊಬ್ಬರಿಗೂ ಪರದೆ ತುಂಬಾ ಖಾಲಿ ಕಾಲಂಗಳು, ಎಲ್ಲ ಇಂಗ್ಲಿಷಲ್ಲಿ, ಒಂದು ಬಿಟ್ರೂ ಮುಂದಕ್ಕೆ ಹೋಗಲ್ಲ. ಹೊರಗೆ ಬೆಂಚ್ ತುಂಬಿರುತ್ತೆ, ಒಳಗೆ ನಾನು ಟೈಪ್ ಮಾಡ್ತಿರ್ತೀನಿ. ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು, "ನನ್ ಮುಖ ನೋಡಪ್ಪ, ನೋವಿರೋದು ಇಲ್ಲಿ" ಅಂದ್ರು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕುಟುಂಬ ವೈದ್ಯರ ದಿನಚರಿ ಅಳೆದು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. 11.4 ಗಂಟೆಯ ಕೆಲಸದ ದಿನದಲ್ಲಿ 5.9 ಗಂಟೆ ದಾಖಲೆಯ ಪರದೆ ಮುಂದೆ ಕಳೀತಿತ್ತು. ರೋಗಿಗೆ ಕೊಡೋಕೆ ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು ಅನ್ನೋ ನಮ್ಮ ಹೊರರೋಗಿ ವಿಭಾಗಕ್ಕೆ ಅದೇ ಥರದ ಪರದೆ ತಂದಿಟ್ರೆ, ಆ ಎರಡು ನಿಮಿಷವೂ ಹೋಯ್ತು.

ಹಾಗಂತ ಕಾಗದಕ್ಕೇ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ದೇಶದಲ್ಲೇ ಒಳ್ಳೆ ಉದಾಹರಣೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಆರೋಗ್ಯ ಸಚಿವಾಲಯ ಎಲ್ಲ ಸೇರಿ ನಡೆಸೋ ಬಿಪಿ ನಿಯಂತ್ರಣ ಯೋಜನೆಯಲ್ಲಿ 'ಸಿಂಪಲ್' ಅನ್ನೋ ಆ್ಯಪ್ ಬಳಸ್ತಾರೆ. ಅದನ್ನ ಕಟ್ಟಿದವರಲ್ಲಿ ನಮ್ಮ ಬೆಂಗಳೂರಿನ ತಂಡವೇ ಇದೆ. ಸಿಸ್ಟರ್ ಕೈಯಲ್ಲಿ ಫೋನ್, ರೋಗಿ ಕೈಯಲ್ಲಿ ಕ್ಯೂಆರ್ ಕೋಡ್ ಇರೋ ಒಂದು ಕಾರ್ಡ್. ಸ್ಕ್ಯಾನ್ ಮಾಡು, ಇವತ್ತಿನ ಬಿಪಿ ಹಾಕು, ಮಾತ್ರೆ ಹಾಕು, ಮುಂದಿನ ತಾರೀಕು ಹಾಕು, ಮುಗೀತು. ನೆಟ್‌ವರ್ಕ್ ಇಲ್ದಿದ್ರೂ ನಡೆಯುತ್ತೆ, ಸಿಕ್ಕಾಗ ತಾನೇ ಕಳಿಸ್ಕೊಳ್ಳುತ್ತೆ. ಹೇಳಿದ ದಿನ ಯಾರು ಬರಲಿಲ್ಲ ಅಂತ ಪಟ್ಟಿ ಕೊಡುತ್ತೆ, ಫೋನ್ ಮಾಡಿ ಕರೀಬಹುದು. ನನಗೆ ತುಂಬ ಇಷ್ಟವಾದದ್ದು ಆ ಪಟ್ಟಿ. ಬಂದವರನ್ನಷ್ಟೇ ಅಲ್ಲ, ಬಾರದವರನ್ನೂ ಅದು ನೆನಪಿಟ್ಕೊಳ್ಳುತ್ತೆ.

ಈಗ ಸರ್ಕಾರಿ ಆರೋಗ್ಯ ಕೇಂದ್ರಗಳ ಕಡೆ ನೋಡಿ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಲೆಕ್ಕ. ಗರ್ಭಿಣಿಯ ವಿವರ ತಾಯಿ ಕಾರ್ಡಲ್ಲಿ ಬರೀಬೇಕು, ರಿಜಿಸ್ಟರಲ್ಲಿ ಬರೀಬೇಕು, ಆಮೇಲೆ ಪೋರ್ಟಲ್‌ಗೂ, ಅಂದ್ರೆ ಸರ್ಕಾರದ ಆನ್‌ಲೈನ್ ದಾಖಲೆಗೂ, ತುಂಬಬೇಕು. ಶುಗರ್, ಬಿಪಿ ತಪಾಸಣೆಗೆ ಬೇರೆ ಪೋರ್ಟಲ್. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ರಲ್ಲ, ಅವರ ದೂರುಗಳಲ್ಲಿ ಪೋರ್ಟಲ್ ಕೂಡ ಒಂದು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ದಾಖಲಾಗದಿದ್ರೆ ಅದರ ಪ್ರೋತ್ಸಾಹಧನವೇ ಬರಲ್ಲ ಅಂತ ಅವರು ಹೇಳ್ತಿದ್ರು. ಕಂಪ್ಯೂಟರ್ ತಂದ್ಮೇಲೂ ರಿಜಿಸ್ಟರ್ ಉಳಿಸ್ಕೊಂಡ್ರೆ ಅದನ್ನ ಡಿಜಿಟಲ್ ಅಂತ ಕರೆಯೋಕೆ ನಂಗೆ ಮನಸ್ಸು ಬರಲ್ಲ. ಒಂದು ಪೋರ್ಟಲ್ ಶುರು ಮಾಡೋ ದಿನವೇ ಒಂದು ರಿಜಿಸ್ಟರ್ ಮುಚ್ಚಬೇಕು. ಇದನ್ನ ಆದೇಶದಲ್ಲೇ ಬರೀಬೇಕು.

2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಆಲೋಚನೆ ಒಳ್ಳೇದು. ಒಬ್ಬೊಬ್ಬರಿಗೂ ಆಭಾ ಅನ್ನೋ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, ಯಾವ ಆಸ್ಪತ್ರೆಗೆ ಹೋದ್ರೂ ನಿಮ್ಮ ಒಪ್ಪಿಗೆ ಪಡೆದು ಹಳೇ ದಾಖಲೆ ನೋಡಬಹುದು. 70 ಕೋಟಿಗೂ ಹೆಚ್ಚು ಸಂಖ್ಯೆಗಳು ಆಗಿವೆ. ಆದ್ರೆ ನಮ್ಮೂರಲ್ಲಿ ಒಪ್ಪಿಗೆಯ ಓಟಿಪಿ ಎಲ್ಲಿಗೆ ಹೋಗುತ್ತೆ? ಬೆಂಗಳೂರಲ್ಲಿರೋ ಮಗನ ಫೋನಿಗೆ. ಮಗ ಡ್ಯೂಟಿಯಲ್ಲಿರ್ತಾನೆ, ತಾಯಿ ಕೌಂಟರ್ ಮುಂದೆ ನಿಂತಿರ್ತಾರೆ. ಇನ್ನು ಹೆಸರು. ಒಂದೇ ಹಳ್ಳಿಯಲ್ಲಿ ಐದು ಜನ ಲಕ್ಷ್ಮಮ್ಮ, ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಕೆ ಹೋದ್ರೆ ಒಬ್ಬೊಬ್ಬರೂ ಮೂರು ಥರ. ಒಬ್ಬರ ಶುಗರ್ ಇನ್ನೊಬ್ಬರ ಖಾತೆಗೆ ಸೇರಿದ್ರೆ ಏನಾಗುತ್ತೆ ಅಂತ ಯೋಚಿಸಿ. ಕನ್ನಡದಲ್ಲೇ ಹೆಸರು, ಗಂಡನದೋ ತಂದೆಯದೋ ಹೆಸರು, ಕೇರಿ, ಇಷ್ಟು ಬರೆಯೋಕೆ ಜಾಗ ಕೊಡಿ.

ಗುಟ್ಟಿನ ವಿಷಯವೂ ಇದೆ. ಸಣ್ಣ ಊರಲ್ಲಿ ಕಂಪ್ಯೂಟರ್ ಮುಂದೆ ಕೂರೋ ಹುಡುಗಿ ರೋಗಿಯ ಪಕ್ಕದ ಮನೆಯವಳೇ ಆಗಿರಬಹುದು. ಮದುವೆಯಾಗದ ಹೆಣ್ಣುಮಗಳ ಪರೀಕ್ಷೆ, ಎಚ್‌ಐವಿ, ಮನಸ್ಸಿನ ಕಾಯಿಲೆ, ಇವು ಅವಳ ಪರದೆಗೆ ಬರಬಾರದು. ನನ್ನ ಕ್ಲಿನಿಕ್‌ನಲ್ಲಿ ಈ ಬೀಗ ಹಾಕಿಸೋಕೆ ಸಾಫ್ಟ್‌ವೇರ್‌ನವರ ಹತ್ರ ಆರು ತಿಂಗಳು ಜಗಳ ಆಡಿದ್ದೀನಿ.

ಈಗ ನಾನು ಐದೇ ಸಂಗತಿ ಟೈಪ್ ಮಾಡ್ತೀನಿ: ಕಾಯಿಲೆ, ಔಷಧಿ, ಆಗದ ಔಷಧಿ, ಪರೀಕ್ಷೆಯ ಅಂಕಿ, ಮುಂದಿನ ತಾರೀಕು. ಪರದೆಯನ್ನ ರೋಗಿಗೂ ಕಾಣೋ ಹಾಗೆ ತಿರುಗಿಸಿ ಇಟ್ಟಿದ್ದೀನಿ. ಹೋಗುವಾಗ ಒಂದು ಪುಟ ಕನ್ನಡದಲ್ಲಿ ಪ್ರಿಂಟ್ ಕೊಡ್ತೀನಿ. ಆ ರೈತರ ಪುಟದಲ್ಲಿ, ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ, 'ಡೈಕ್ಲೋಫಿನಾಕ್ ಥರದ ನೋವಿನ ಔಷಧಿ ಕೊಡಬೇಡಿ, ಕಿಡ್ನಿ ತೊಂದರೆ ಇದೆ' ಅಂತ ಇದೆ.

ಹೋದ ತಿಂಗಳು ಅವರು ಮಗಳ ಊರಿಗೆ ಹೋದಾಗ ಬಿದ್ದು ಸೊಂಟ ಉಳುಕಿಸ್ಕೊಂಡ್ರಂತೆ. ಅಲ್ಲಿನ ಆಸ್ಪತ್ರೆಯ ಕಂಪ್ಯೂಟರ್‌ಗೂ ನನ್ನ ಕಂಪ್ಯೂಟರ್‌ಗೂ ಸಂಪರ್ಕ ಇಲ್ಲ. ರಾತ್ರಿ ಫೋನ್ ಮಾಡಿದ್ರು. "ನೋವಿನ ಇಂಜೆಕ್ಷನ್ ಕೊಡೋಕೆ ಬಂದಿದ್ರು ಡಾಕ್ಟ್ರೇ. ನಿಮ್ಮ ಹಾಳೆ ತೋರಿಸ್ದೆ, ಓದಿ ಬೇರೆ ಮಾತ್ರೆ ಬರ್ಕೊಟ್ರು. ಕವರ್ ಜೊತೇಲೇ ತಂದಿದ್ದೆ."