ಲಿಸ್ಬನ್‌ನಲ್ಲಿ ಒಂದು ದಿನ, ಮೆಣಸಿನ ಜಾಡಿನಲ್ಲಿ

ಎಲ್ಲರಿಗೂ ನಮಸ್ಕಾರ. ಫೋಟೊ ತೋರಿಸೋಣ ಅಂತ ಪೆನ್‌ಡ್ರೈವ್ ತಂದಿದ್ದೆ, ಪ್ರೊಜೆಕ್ಟರ್ ಕೈಕೊಟ್ಟಿದೆ. ಇರಲಿ ಬಿಡಿ, ಬಾಯಲ್ಲೇ ಹೇಳುತ್ತೇನೆ.

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನಲ್ಲಿ ನಮಗಿದ್ದದ್ದು ಒಂದೇ ದಿನ. ಎರಡಕ್ಕಿಂತ ಜಾಸ್ತಿ ಚರ್ಚು ಬೇಡ ಅಂತ ಹೆಂಡತಿ ಹೊರಡುವ ಮೊದಲೇ ಕರಾರು ಹಾಕಿದ್ದಳು.

ಮೊದಲನೆಯದು ಬೆಲೆಂ ಎಂಬ ಕಡೆ, ನದಿ ದಂಡೆಯ ಹತ್ತಿರ ಇರುವ ಜೆರೊನಿಮೊಸ್ ಮಠ. 1497ರಲ್ಲಿ ವಾಸ್ಕೋ ಡ ಗಾಮ ಹಡಗು ಹತ್ತಿದ್ದು ಇಲ್ಲಿಂದಲೇ. ಕೋಳಿಕ್ಕೋಡಿಗೆ ಹೋಗಿ, ವಾಪಸು ಬರುವಾಗ ನಮ್ಮ ಕಾರವಾರದ ಎದುರಿನ ಅಂಜುದೀವ್‌ನಲ್ಲಿ ತಂಗಿ ಹಡಗು ಸರಿಮಾಡಿಕೊಂಡ. ಮುಂದೆ ಕೊಚ್ಚಿಯಲ್ಲಿ ತೀರಿಕೊಂಡ. ಈಗ ಈ ಮಠದ ಚರ್ಚಿನಲ್ಲೇ ಅವನ ಗೋರಿ ಇದೆ. ಜನ ಮುಗಿಬಿದ್ದು ಅದರ ಫೋಟೊ ತೆಗೆಯುತ್ತಾರೆ. ನನಗೆ ಹಿಡಿಸಿದ್ದು ಒಳಗಡೆಯ ರಾಜರ ಗೋರಿಗಳು. ಅವನ್ನು ಹೊತ್ತಿರುವುದು ಆನೆಗಳು! ಅಮೃತಶಿಲೆಯ ಪುಟ್ಟ ಆನೆಗಳು. ಯುರೋಪಿನ ದೊರೆಗೆ ಕೊನೆಗೆ ಹೆಗಲು ಕೊಟ್ಟದ್ದು ನಮ್ಮ ಕಡೆಯ ಪ್ರಾಣಿ.

ಮಠ ಕಟ್ಟುವುದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ದುಡ್ಡು ಎಲ್ಲಿಂದ ಬಂತು? ಆಫ್ರಿಕಾ, ಏಷ್ಯಾದ ವ್ಯಾಪಾರದ ಮೇಲೆ ಹಾಕಿದ ಸುಮಾರು ಶೇ 5ರ ತೆರಿಗೆಯಿಂದ. ಅದರ ಹೆಸರು 'ವಿಂಟೇನಾ ದ ಪಿಮೆಂಟಾ'. ಮೆಣಸಿನ ಇಪ್ಪತ್ತನೇ ಪಾಲು ಅಂತ ಅರ್ಥ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರಲ್ಲ, ಅದೇ ಪಿಮೆಂಟಾ. ಅವಳೊಡನೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು.

ಹತ್ತಿರದಲ್ಲೇ ಬೆಲೆಂ ಗೋಪುರ. ಅದರ ಒಂದು ಮೂಲೆಯ ಬುಡದಲ್ಲಿ ಸವೆದುಹೋದ ಖಡ್ಗಮೃಗದ ಮುಖ ಇದೆ. ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗ ಗೋವಾದಿಂದ ಹಡಗಿನಲ್ಲಿ ಹೊರಟು 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿತು. ರಾಜ ಅದನ್ನು ಪೋಪ್‌ಗೆ ಉಡುಗೊರೆ ಕಳಿಸಿದ. ದಾರಿಯಲ್ಲಿ ಹಡಗು ಮುಳುಗಿ ಪಾಪ, ಅದೂ ಸತ್ತಿತು.

ಮಧ್ಯಾಹ್ನ ಪೇಟೆಗೆ ಬಂದೆವು. ಹುಷಾರು, ಅಲ್ಲಿನ ಪಾದಚಾರಿ ದಾರಿಗೆ ಸುಣ್ಣದಕಲ್ಲಿನ ಚೂರು ಜೋಡಿಸಿದ್ದಾರೆ. ನೋಡಲು ರಂಗೋಲಿ, ಕಾಲಿಟ್ಟರೆ ಪಾಚಿ. ನಾನು ಎರಡು ಸಲ ಜಾರಿದೆ. ನದಿ ಪಕ್ಕದ ದೊಡ್ಡ ಚೌಕವನ್ನು ಊರಿನವರು ಇವತ್ತಿಗೂ 'ಅರಮನೆ ಅಂಗಳ' ಅಂತಲೇ ಕರೆಯುತ್ತಾರೆ. ಅರಮನೆ ಮಾತ್ರ ಇಲ್ಲ.

1755ರ ನವೆಂಬರ್ 1. ಸಕಲ ಸಂತರ ಹಬ್ಬ. ಬೆಳಿಗ್ಗೆ ಚರ್ಚುಗಳು ತುಂಬಿದ್ದವು, ಎಲ್ಲೆಲ್ಲೂ ಮೇಣದಬತ್ತಿ. ಭೂಮಿ ನಡುಗಿತು. ಬದುಕಿದವರು ಬಯಲು ಇದೆಯಲ್ಲ ಅಂತ ನದಿ ಕಡೆ ಓಡಿದರು. ಅಲ್ಲಿಗೆ ಸುನಾಮಿ ಬಂತು. ಉಳಿದದ್ದನ್ನು ಬೆಂಕಿ ದಿನಗಟ್ಟಲೆ ಸುಟ್ಟಿತು. ಅರಮನೆ ಹೋಯಿತು. ಭಾರತದ ವ್ಯಾಪಾರದ ಲೆಕ್ಕಪತ್ರ ಇಟ್ಟಿದ್ದ 'ಕಾಸಾ ದ ಇಂಡಿಯಾ' ಕೂಡ ಹೋಯಿತು. ನಮ್ಮ ಕರಾವಳಿಯ ಎಷ್ಟು ಕಥೆ ಆ ಬೂದಿಯಲ್ಲಿತ್ತೋ!

ಆಮೇಲೆ ಮಂತ್ರಿ ಪೊಂಬಾಲ್ ಊರನ್ನು ನೇರ ಬೀದಿಗಳಲ್ಲಿ ಮತ್ತೆ ಕಟ್ಟಿಸಿದ. ಚಿನ್ನದ ಬೀದಿ, ಬೆಳ್ಳಿಯ ಬೀದಿ, ಚಪ್ಪಲಿ ಹೊಲಿಯುವವರ ಬೀದಿ. ನಮ್ಮ ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ. ಮನೆಗಳ ಗೋಡೆಯೊಳಗೆ ಮರದ ಪಂಜರ ಇಟ್ಟರು. ಭೂಕಂಪವಾದರೆ ಮರ ಬಾಗುತ್ತದೆ, ಮನೆ ನಿಲ್ಲುತ್ತದೆ ಎನ್ನುವ ಲೆಕ್ಕ. ಮಾದರಿ ಕಟ್ಟಿ, ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷೆ ಮಾಡಿದರಂತೆ.

ಎರಡನೇ ಚರ್ಚು ಕಾರ್ಮೊ. ಅದಕ್ಕೆ ಚಾವಣಿಯೇ ಇಲ್ಲ. ಅವತ್ತು ಬಿದ್ದದ್ದನ್ನು ಮತ್ತೆ ಹೊದಿಸಲೇ ಇಲ್ಲ. ಕಮಾನುಗಳು ಎಲುಬಿನ ಗೂಡಿನ ಹಾಗೆ ನಿಂತಿವೆ, ಮೇಲೆ ಆಕಾಶ. ಬೇಗ ಹೊರಡೋಣ ಎನ್ನುತ್ತಿದ್ದ ನನ್ನವಳು ಅಲ್ಲಿ ಅರ್ಧ ಗಂಟೆ ಸುಮ್ನೆ ಕೂತಳು.

ರಾತ್ರಿ ಊಟಕ್ಕೆ ಹೋದಾಗ ಹೋಟೆಲಿನವರು ತೋರಿಸಿದ್ದು 'ಮೇಜ'. ನಮ್ಮ ಮೇಜು ಅಲ್ವಾ ಅದು! ಅನಾನಸ್ಸೂ ಅವರಿಂದಲೇ ಬಂದ ಮಾತು. ಮೇಜಿನ ಮೇಲೆ ಖಾರದ ಸಾಸ್ ಇತ್ತು. ಮೆಣಸಿನಕಾಯಿ ಅಮೆರಿಕದ್ದು, ನಮ್ಮಲ್ಲಿಗೆ ತಂದವರು ಇದೇ ಪೋರ್ಚುಗೀಸರು. ನಮ್ಮವರು ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟರು. ಬಂದ ನೆಂಟ ಮನೆಯ ಯಜಮಾನನಾದ. ಹಳೆಯ ಮೆಣಸು ತನ್ನನ್ನು ಕಾಳುಮೆಣಸು, ಒಳ್ಳೆಮೆಣಸು ಅಂತ ಬೇರೆ ಹೇಳಿಕೊಳ್ಳಬೇಕಾಯಿತು.

ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದೆ. ಅವಳು ಸಾಸ್ ಬಗ್ಗಿಸಿಕೊಂಡು ರುಚಿ ನೋಡಿ, "ಖಾರ ಸಾಲದು" ಅಂದಳು.