ಹಾಕಿದಷ್ಟೂ ಚೆಂದವಾಗುವ ಜಾಕೆಟ್: ಸವೆದ ಜಾಗದಲ್ಲಿ ಏನು ಕಾಣುತ್ತದೆ?

[ದೃಶ್ಯ: ಧನುರ್ಮಾಸದ ಬೆಳಿಗ್ಗೆ, ಮೈಸೂರು. ಮಂಜಿನಲ್ಲಿ ಚಾಮುಂಡಿ ಬೆಟ್ಟದ ಕಡೆ ಹೊರಟ ಬೈಕುಗಳು.]

ನಮಸ್ಕಾರ. ಧನುರ್ಮಾಸದ ಬೆಳಿಗ್ಗೆ ಮೈಸೂರಿನ ಯಾವುದಾದರೂ ವೃತ್ತದಲ್ಲಿ ಐದು ನಿಮಿಷ ನಿಂತರೆ ಸಾಕು, ಊರಿನ ಜಾಕೆಟ್‌ಗಳೆಲ್ಲ ಕಣ್ಣೆದುರು ಹಾದುಹೋಗುತ್ತವೆ. ಬೆಟ್ಟ ಹತ್ತಲು ಹೊರಟವರು, ಹಾಲಿಗೆ ಬಂದವರು, ಮಂಡ್ಯದ ಮೊದಲ ಬಸ್ಸಿನಿಂದ ಇಳಿದವರು. ಕೆಲವು ಜಾಕೆಟ್ ಹಳೆಯದಾಗಿ ಹಾಳಾಗಿವೆ. ಇನ್ನು ಕೆಲವು ಅಷ್ಟೇ ಹಳೆಯವು, ಆದರೆ ಹೊಸದರಲ್ಲಿ ಇದ್ದದ್ದಕ್ಕಿಂತ ಈಗಲೇ ಚೆಂದ. ಎರಡಕ್ಕೂ ಬಿದ್ದದ್ದು ಅದೇ ಬಿಸಿಲು, ಅದೇ ಧೂಳು, ಅದೇ ಬೆವರು. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಯಾವ ಜಾಕೆಟ್ ಆದರೂ ಸವೆದೇ ಸವೆಯುತ್ತದೆ. ಸವೆದ ಜಾಗದಲ್ಲಿ ಕೆಳಗಿಂದ ಏನು ಹೊರಗೆ ಬರುತ್ತದೆ ಅನ್ನುವುದನ್ನು ನೋಡಬೇಕು. ಇವತ್ತಿನ ವಿಡಿಯೋ ಪೂರ್ತಿ ಇದರ ಬಗ್ಗೆಯೇ.

[ಹತ್ತಿರದ ದೃಶ್ಯ: ಸಿಪ್ಪೆ ಏಳುತ್ತಿರುವ ರೆಕ್ಸಿನ್ ಕಾಲರ್.]

ಮೊದಲು ಇದು. ಲೆದರ್ ಅಂತ ಮಾರುವ, ನಾವು ರೆಕ್ಸಿನ್ ಅನ್ನುವ ಜಾಕೆಟ್. ಒಳಗೆ ತೆಳು ಬಟ್ಟೆ, ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಪದರ. ಕಾಲರ್, ಮೊಣಕೈ, ತೋಳಿನ ತುದಿಯಲ್ಲಿ ಆ ಪದರ ಎದ್ದರೆ ಕೆಳಗಿನ ಬಟ್ಟೆ ಕಾಣುತ್ತದೆ. ಮೇಲಿದ್ದದ್ದಕ್ಕೂ ಕೆಳಗಿರುವುದಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ಕಣ್ಣಿಗೆ ಗಾಯದ ಹಾಗೆ ಕಾಣುತ್ತದೆ.

ಇನ್ನೊಂದು ವಿಷಯ. ಇದು ಹಾಕಿಕೊಂಡು ತಿರುಗಿದ್ದರಿಂದ ಮಾತ್ರ ಆಗುವುದಲ್ಲ. ಗಾಳಿಯಲ್ಲಿರುವ ತೇವವೇ ಈ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಒಡೆಯುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಜಲವಿಚ್ಛೇದನ ಅನ್ನುತ್ತಾರೆ. ಹಾಗಾಗಿ ಜೋಪಾನವಾಗಿ ಬೀರುವಿನಲ್ಲಿ ಮಡಿಸಿಟ್ಟರೂ, ಕೆಲವು ಮಳೆಗಾಲ ಕಳೆದ ಮೇಲೆ ತೆಗೆದರೆ ಪುಡಿ ಉದುರುತ್ತದೆ. ಇಟ್ಟುಕೊಂಡವರ ತಪ್ಪು ಇದರಲ್ಲಿ ಏನೂ ಇಲ್ಲ. ಮೊದಲ ಸಂಬಳದಲ್ಲಿ ಆಸೆಪಟ್ಟು ಕೊಳ್ಳುವ ಹುಡುಗರಿಗೆ ಅಂಗಡಿಯವರು ಇದನ್ನು ಮೊದಲೇ ಹೇಳಬೇಕು ಅಂತ ನನಗೆ ನಿಜವಾಗಿ ಅನಿಸುತ್ತದೆ.

[ದೃಶ್ಯ: ಕಡುನೀಲಿ ಹೊಸ ಡೆನಿಮ್ ಜಾಕೆಟ್, ಪಕ್ಕದಲ್ಲಿ ವರ್ಷಗಟ್ಟಲೆ ಹಾಕಿದ ಡೆನಿಮ್ ಜಾಕೆಟ್.]

ಈಗ ಡೆನಿಮ್. ಇದರಲ್ಲಿ ಉದ್ದಕ್ಕೆ ಸಾಗುವ ಹಾಸಿನ ನೂಲು ನೀಲಿ, ಅಡ್ಡಕ್ಕೆ ಸಾಗುವ ಹೊಕ್ಕಿನ ನೂಲು ಬಿಳಿ. ನೇಯ್ಗೆ ಓರೆಯಾಗಿ ಸಾಗುವುದರಿಂದ ಹೊರಮೈಯಲ್ಲಿ ನೀಲಿ ಜಾಸ್ತಿ ಕಾಣುತ್ತದೆ, ಒಳಮೈಯಲ್ಲಿ ಬಿಳಿ. ತೋಳನ್ನು ಮಡಿಸಿ ನೋಡಿದರೆ ಗೊತ್ತಾಗುತ್ತದೆ.

ನೀಲಿ ಬಣ್ಣ ಇಂಡಿಗೊ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ರಾಸಾಯನಿಕ ಹಾಕಿ ಅದನ್ನು ಕರಗುವಂತೆ ಮಾಡಿ, ಅದರಲ್ಲಿ ನೂಲು ಅದ್ದುತ್ತಾರೆ. ಮೇಲೆತ್ತಿದಾಗ ನೂಲು ಹಳದಿ ಮಿಶ್ರಿತ ಹಸಿರು. ಗಾಳಿ ತಾಗುತ್ತಿದ್ದಂತೆ ನೋಡನೋಡುತ್ತಲೇ ನೀಲಿಯಾಗುತ್ತದೆ. ಹೀಗೆ ಮತ್ತೆ ಮತ್ತೆ ಅದ್ದಿ ಎತ್ತಿದರೂ ಬಣ್ಣ ನೂಲಿನ ಹೊರಸುತ್ತಿನಲ್ಲೇ ಕೂರುತ್ತದೆ. ತಿರುಳು ಬಿಳಿಯಾಗಿಯೇ ಉಳಿಯುತ್ತದೆ.

[ಚಿತ್ರ: ನೂಲಿನ ಅಡ್ಡಕೊಯ್ತ. ಸುತ್ತ ನೀಲಿ, ನಡುವೆ ಬಿಳಿ.]

ಇಡೀ ಸೊಗಸು ಈ ಚಿತ್ರದಲ್ಲಿದೆ. ಉಜ್ಜಿದ ಕಡೆ ನೀಲಿ ಸ್ವಲ್ಪ ಸ್ವಲ್ಪವೇ ಹೋಗಿ, ಅದೇ ನೂಲಿನ ಬಿಳಿ ತಿರುಳು ಮೇಲೆ ಬರುತ್ತದೆ. ಉಜ್ಜದ ಕಡೆ ಕಡುನೀಲಿ ಹಾಗೇ ನಿಲ್ಲುತ್ತದೆ. ಬೈಕ್ ಹ್ಯಾಂಡಲ್ ಹಿಡಿದು ಮಡಚಿದ ತೋಳಿನಲ್ಲಿ ಗೆರೆ ಮೂಡುತ್ತದೆ. ಒಂದೇ ಹೆಗಲಿಗೆ ಬ್ಯಾಗ್ ಹಾಕುವವರಾದರೆ ಆ ಹೆಗಲು ಮೊದಲು ತಿಳಿಯಾಗುತ್ತದೆ. ಎದೆಯ ಜೇಬಿನಲ್ಲಿ ಮೊಬೈಲ್ ಇಟ್ಟರೆ ಅದರ ಅಂಚು ಬಟ್ಟೆಯ ಮೇಲೆ ಅಚ್ಚಾಗುತ್ತದೆ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಜಾಕೆಟ್ ಅಣ್ಣ ಒಂದು ತಮ್ಮ ಒಂದು ಹಾಕಿದರೆ, ಎರಡು ವರ್ಷದಲ್ಲಿ ಅವು ಬೇರೆ ಬೇರೆ ಜಾಕೆಟ್.

ಇದನ್ನೇ ಕಾರ್ಖಾನೆಯಲ್ಲಿ ಬೇಗ ಮಾಡಿ ಮಾರುತ್ತಾರೆ. ಪ್ಯೂಮಿಸ್ ಅನ್ನುವ ಹಗುರವಾದ ಒರಟು ಕಲ್ಲಿನ ಜೊತೆ ಒಗೆದು ಬಣ್ಣ ತೆಗೆಯುವುದು ಒಂದು ದಾರಿ. ಮರಳನ್ನು ರಭಸವಾಗಿ ಊದಿ ಬಣ್ಣ ಕೆರೆಯುವುದು ಇನ್ನೊಂದು. ಈ ಎರಡನೆಯದು ಜೀವಕ್ಕೇ ಅಪಾಯ. ಮರಳಿನ ಸಣ್ಣ ಧೂಳು ಕೆಲಸಗಾರರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಅನ್ನುವ ಕಾಯಿಲೆ ತರುತ್ತದೆ. ಅದನ್ನು ಗುಣಪಡಿಸುವ ಔಷಧಿ ಇಲ್ಲ. ಟರ್ಕಿಯಲ್ಲಿ ಹೀಗೆ ಬಹಳ ಯುವಕರು ಕಾಯಿಲೆ ಬಿದ್ದ ಮೇಲೆ, 2009ರಲ್ಲಿ ಅಲ್ಲಿನ ಸರ್ಕಾರ ಡೆನಿಮ್‌ಗೆ ಮರಳು ಊದುವುದನ್ನು ನಿಷೇಧಿಸಿತು. ನಾವು ಸುಮ್ನೆ ಹಾಕಿಕೊಂಡು ತಿರುಗಿದರೆ ತಾನಾಗಿ ಬರುವ ಗೆರೆಗೆ ಯಾರೋ ಉಸಿರು ಕಳೆದುಕೊಳ್ಳಬೇಕಾ? ಕಡುನೀಲಿಯದನ್ನೇ ಕೊಳ್ಳಿ ಅಂತ ನಾನು ಹೇಳುವುದಕ್ಕೆ ಇದೇ ದೊಡ್ಡ ಕಾರಣ.

[ದೃಶ್ಯ: ಹಳೆಯ ಜಾವಾ ಬೈಕ್, ಅದರ ಸೀಟಿನ ಮೇಲೆ ಕಪ್ಪು ಲೆದರ್ ಜಾಕೆಟ್.]

ಲೆದರ್ ಮಾತು ಬಂದರೆ ಮೈಸೂರಿನವರಿಗೆ ಬೈಕ್ ನೆನಪಾಗದೆ ಇರುವುದಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ತನಕ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಬೈಕಿಗೆಂದೇ ಜಿಪ್ ಇಟ್ಟು ಲೆದರ್ ಜಾಕೆಟ್ ಮಾಡಿದ್ದು ಅದಕ್ಕೂ ಬಹಳ ಮುಂಚೆ, 1928ರಲ್ಲಿ, ನ್ಯೂಯಾರ್ಕಿನ ಜಾಕೆಟ್ ತಯಾರಕ ಅರ್ವಿಂಗ್ ಶಾಟ್. ಗುಂಡಿಗಳ ಸಂದಿನಲ್ಲಿ ಗಾಳಿ ನುಗ್ಗುತ್ತದೆ, ಎದೆಯ ಮೇಲೆ ಓರೆಯಾಗಿ ಸಾಗುವ ಜಿಪ್ಪಿನಲ್ಲಿ ಅಷ್ಟು ನುಗ್ಗುವುದಿಲ್ಲ. ಆ ಆಕಾರ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಚರ್ಮದ ಮೇಲ್ಭಾಗದಲ್ಲಿ ನಾರುಗಳು ಒತ್ತೊತ್ತಾಗಿ ಹೆಣೆದಿರುತ್ತವೆ. ಅದನ್ನು ಉಜ್ಜಿ ತೆಗೆಯದೆ ಹಾಗೇ ಬಿಟ್ಟರೆ ಫುಲ್ ಗ್ರೇನ್. ಪ್ರಾಣಿಯ ಹಳೆ ಗಾಯ, ನೆರಿಗೆ ಎಲ್ಲ ಅದರಲ್ಲಿ ಕಾಣುತ್ತದೆ. ಅಗ್ಗದ್ದರಲ್ಲಿ ಮೇಲ್ಮೈ ಉಜ್ಜಿ, ದಪ್ಪ ಬಣ್ಣ ಬಳಿದು, ನಕಲಿ ಗೆರೆ ಒತ್ತಿರುತ್ತಾರೆ. ಅದೂ ಚರ್ಮವೇ, ಆದರೆ ಸವೆಯುವುದು ಬಣ್ಣದ ಪದರ. ಲೇಬಲ್ಲಿನಲ್ಲಿ ಜೆನ್ಯೂಯಿನ್ ಲೆದರ್ ಅಂತ ಇದ್ದರೆ ಅದು ಚರ್ಮ ಅಂತ ಮಾತ್ರ ಗೊತ್ತಾಗುತ್ತದೆ, ಒಳ್ಳೆಯದು ಅಂತಲ್ಲ.

ಹದ ಮಾಡುವ ಬಗೆಯೂ ಮುಖ್ಯ. ಇವತ್ತು ಹೆಚ್ಚಿನ ಚರ್ಮ ಕ್ರೋಮಿಯಂ ಲವಣದಲ್ಲಿ ಬೇಗ ಹದವಾಗುತ್ತದೆ. ಹಳೆಯ ಪದ್ಧತಿ ತೊಗಟೆ, ಕಾಯಿಗಳದ್ದು, ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಒಣಭೂಮಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಅಳಲೆಕಾಯಿ, ಇವೇ ದಕ್ಷಿಣ ಭಾರತದ ಚರ್ಮಕ್ಕೆ ಹೆಸರು ತಂದವು. ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿದ್ದು ಮಾದಿಗರಂಥ ಸಮುದಾಯಗಳು. ಅವರನ್ನು ಊರಾಚೆ ಇಟ್ಟ ಜನ ಅವರು ಮಾಡಿದ ಚಪ್ಪಲಿ ಮೆಟ್ಟಿಕೊಂಡು ಓಡಾಡಿದರು. ಒಳ್ಳೆಯ ಚರ್ಮವನ್ನು ಹೊಗಳುವಾಗ ಇದನ್ನು ಬಿಟ್ಟು ಮಾತಾಡುವುದು ಸರಿಯಲ್ಲ.

ತೊಗಟೆಯಲ್ಲಿ ಹದವಾದ ಚರ್ಮ ಬಿಸಿಲಿಗೆ, ಮೈಯ ಎಣ್ಣೆಗೆ ಬಣ್ಣ ಗಾಢವಾಗುತ್ತಾ, ಪಳಗಿದ ಕಬ್ಬಿಣದ ಕಾವಲಿಯ ಹಾಗೆ ಹೊಳಪು ಪಡೆಯುತ್ತದೆ. ಕೆಲವು ಕಪ್ಪು ಜಾಕೆಟ್‌ಗಳಲ್ಲಿ ಮೇಲೆ ಮಾತ್ರ ಕಪ್ಪು, ಒಳಗೆ ಕಂದು. ಟೀಕೋರ್ ಅನ್ನುತ್ತಾರೆ. ಅಂಚುಗಳಲ್ಲಿ ಕಪ್ಪು ಹೋಗಿ ಕಂದು ಇಣುಕುತ್ತದೆ. ಅಲ್ಲೂ ಬಣ್ಣ ಹೋದದ್ದೇ, ಆದರೆ ಕೆಳಗಿಂದ ಬಂದದ್ದು ಅದೇ ಚರ್ಮ.

[ದೃಶ್ಯ: ಜಾಕೆಟ್ ಒಳಮಗ್ಗುಲು ತಿರುಗಿಸಿ ಹೊಲಿಗೆ ತೋರಿಸುವುದು.]

ಅಂಗಡಿಯಲ್ಲಿ ಜಾಕೆಟ್ ಒಳಮಗ್ಗುಲು ತಿರುಗಿಸಿ. ಕಂಕುಳು, ಹೆಗಲಿನ ಹೊಲಿಗೆ ನೋಡಿ. ಡೆನಿಮ್ ಆದರೆ ಬಟ್ಟೆಯ ಅಂಚುಗಳನ್ನು ಒಂದರೊಳಗೊಂದು ಮಡಿಸಿ ಎರಡು ಸಾಲು ಹೊಲಿದಿರಬೇಕು. ಅಂಚಿಗೆ ದಾರ ಸುತ್ತುವ ಓವರ್‌ಲಾಕ್ ಹೊಲಿಗೆ ಮಾತ್ರ ಇದ್ದರೆ ಎಳೆದಾಡುವ ಜಾಗದಲ್ಲಿ ಬೇಗ ಬಿಡುತ್ತದೆ. ಗುಂಡಿಗೂ ನಮ್ಮದು ಅದೇ ಪ್ರಶ್ನೆ. ಗಟ್ಟಿ ಹಿತ್ತಾಳೆಯದಾದರೆ ಮಂಕಾದರೂ ಹಿತ್ತಾಳೆಯೇ. ಬೇರೆ ಲೋಹದ ಮೇಲೆ ಹಿತ್ತಾಳೆಯ ತೆಳು ಲೇಪ ಕೊಟ್ಟದ್ದಾದರೆ ಪೊರೆ ಎದ್ದು ಬೂದು ಲೋಹ ಕಾಣುತ್ತದೆ.

ನಮ್ಮ ಹವೆಗೆ ಯಾವುದು? ಮೈಸೂರು, ಮಂಡ್ಯದಲ್ಲಿ ಚಳಿ ಅನ್ನುವುದು ಬೆಳಿಗ್ಗೆ ಸಂಜೆಗೆ ಅಷ್ಟೇ ಅಲ್ವಾ. ಹನ್ನೊಂದು ಗಂಟೆಗೆ ಲೆದರ್ ಮೈಮೇಲೆ ಭಾರವಾಗುತ್ತದೆ. ಮೊದಲ ಜಾಕೆಟ್ ಆದರೆ ಅಸ್ತರು ಇಲ್ಲದ ಡೆನಿಮ್ ತೆಗೆದುಕೊಳ್ಳಿ. ವರ್ಷದಲ್ಲಿ ಹೆಚ್ಚು ದಿನ ಹಾಕಬಹುದು. ಹಾಕಿದರೆ ತಾನೇ ಪಳಗುವುದು.

ಡೆನಿಮ್ ಒಗೆಯುವಾಗ ಒಳಮಗ್ಗುಲು ತಿರುಗಿಸಿ, ತಣ್ಣೀರು, ನೆರಳಲ್ಲಿ ಒಣಗಿಸಿ. ಒಗೆಯುವ ಕಲ್ಲಿಗೆ ಬಡಿಯಬೇಡಿ. ಎಲ್ಲ ಕಡೆ ಒಂದೇ ಸಮ ಬಣ್ಣ ಹೋಗಿ ಗೆರೆಗಳೇ ಉಳಿಯುವುದಿಲ್ಲ, ಗುಂಡಿಯೂ ಜಜ್ಜಿಹೋಗುತ್ತದೆ. ಲೆದರ್‌ಗೆ ನಮ್ಮಲ್ಲಿ ದೊಡ್ಡ ಶತ್ರು ಜುಲೈ, ಆಗಸ್ಟಿನ ಬೂಷ್ಟು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆ ಹತ್ತಿ ಪಂಚೆ ಹೊದಿಸಿ, ಅಗಲವಾದ ಹ್ಯಾಂಗರಿಗೆ ಹಾಕಿ, ಆಗಾಗ ನೆರಳಲ್ಲಿ ಗಾಳಿಗೆ ಬಿಡಿ. ಕ್ರೀಮ್ ಹಚ್ಚುವುದಾದರೆ ಒಳಗಿನ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಬಣ್ಣ ಗಾಢವಾಗಬಹುದು.

ಏನಾದರೂ ಹರಿದರೆ ಎಸೆಯುವ ಮುಂಚೆ ಟೈಲರ್ ಹತ್ತಿರ ಹೋಗಿ. ಅಸ್ತರು ಬದಲಿಸಬಹುದು, ಡೆನಿಮ್ ಮೊಣಕೈಗೆ ಒಳಗಿಂದ ತೇಪೆ ಕೊಡಬಹುದು. ಜಿಪ್ ಹಲ್ಲು ಸರಿಯಾಗಿದ್ದು ಸುಮ್ನೆ ಬಿಟ್ಟುಕೊಳ್ಳುತ್ತಿದ್ದರೆ ಹೆಚ್ಚಾಗಿ ಸವೆದಿರುವುದು ರನ್ನರ್. ಇಡೀ ಜಿಪ್ ಬಿಚ್ಚಿಸುವ ಮೊದಲು ರನ್ನರ್ ಒಂದನ್ನು ಬದಲಿಸಿಕೊಡಿ ಅಂತ ಕೇಳಿ.