ಓಟು ಹಾಕದೆ ಕೂತವರ ಓಟು ಯಾರಿಗೆ?

ಕೇಳುಗರಿಗೆಲ್ಲ ನಮಸ್ಕಾರ.

ಜಮಖಂಡಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಚಹಾದಂಗಡಿ. ಮೊನ್ನೆ ಬೆಳಿಗ್ಗೆ ಅಲ್ಲಿ ಸುಸಲಾ, ಮಿರ್ಚಿ ಭಜಿ ತಿನ್ನುತ್ತಾ ಕೂತಿದ್ದೆ. ಎದುರಿನ ಬೆಂಚಿನಲ್ಲಿ ಪರಿಚಯದ ರೈತರೊಬ್ಬರಿದ್ದರು. ಕಬ್ಬು ಬೆಳೆಯುವವರು, ಹಿಂದೆ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದವರು. ಪೇಪರ್ ಮಡಚಿಟ್ಟು ಕೇಳಿದರು: ‘ಸರ, ರಾಷ್ಟ್ರಪತಿ ಇಲೆಕ್ಷನ್ನಾಗ ಒಂದು ಪಾರ್ಟಿ ಬೇಕಂತನ ಸುಮ್ನ ಕುಂದರತೈತೇನ್ರಿ?’

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. ‘ನಮ್ಮೂರಾಗ ಅಧ್ಯಕ್ಷರ ಇಲೆಕ್ಷನ್ ದಿನ ಎಂಟು ಮಂದಿ ಮೆಂಬರ್ ಬರಲೇ ಇಲ್ಲರಿ. ಗೋವಾಕ್ಕ ಹೋಗಿದ್ರು. ಕೋರಂ ಇಲ್ಲ, ಬೇಕಾದಷ್ಟು ಮಂದಿ ಬಂದಿಲ್ಲಂತ ಮೀಟಿಂಗ್ ಮುಂದ ಹೋತು. ಅಷ್ಟರಾಗ ಇಬ್ಬರನ್ನ ಈ ಕಡೆ ಎಳಕೊಂಡ್ರು.’ ಯಾರು ಎಳಕೊಂಡ್ರು ಅಂದೆ. ‘ನಾವ ರೀ. ನಾನೂ ಗೋವಾಕ್ಕ ಹೋಗಿದ್ದೆ’ ಅಂದು ನಕ್ಕರು.

ಪ್ರಶ್ನೆ ಬಂದದ್ದು ಅನುಭವಸ್ಥರಿಂದಲೇ, ಅಲ್ವಾ?

ಆದರೆ ಪಂಚಾಯ್ತಿಯ ಈ ಆಟ ರಾಷ್ಟ್ರಪತಿ ಚುನಾವಣೆಯಲ್ಲಿ ನಡೆಯೋದಿಲ್ಲ. ಅಲ್ಲಿ ಕೋರಂ ಅನ್ನೋದೇ ಇಲ್ಲ. ಎಷ್ಟೇ ಜನ ಗೈರಾಗಲಿ, ಬಂದವರು ಹಾಕಿದ ಮತಗಳನ್ನೇ ಎಣಿಸುತ್ತಾರೆ. ವಿಧಾನಸಭೆಗಳಲ್ಲಿ ಕೆಲವು ಸ್ಥಾನ ಖಾಲಿ ಇವೆ ಅಂತ ಆಯ್ಕೆಯನ್ನು ಪ್ರಶ್ನಿಸುವ ಹಾಗೂ ಇಲ್ಲ. 1961ರಲ್ಲೇ ಸಂವಿಧಾನಕ್ಕೆ ತಿದ್ದುಪಡಿ ತಂದು ಆ ಬಾಗಿಲು ಮುಚ್ಚಿದ್ದಾರೆ. ಹಾಗಾಗಿ ಎಲ್ಲರೂ ಸೇರಿ ಗೋವಾಕ್ಕೆ ಹೋದರೂ ಚುನಾವಣೆ ಮುಂದೆ ಹೋಗೋದಿಲ್ಲ.

ಓಟು ಯಾರದು? ಸಂಸತ್ತಿನ ಎರಡೂ ಮನೆಗಳ ಚುನಾಯಿತ ಸದಸ್ಯರದು, ರಾಜ್ಯಗಳ ಶಾಸಕರದು. ವಿಧಾನ ಪರಿಷತ್ತಿನವರಿಗೆ ಓಟಿಲ್ಲ. ಇಲ್ಲಿ ಒಂದು ಓಟನ್ನು ಒಂದೇ ಅಂತ ಎಣಿಸೋದಿಲ್ಲ, ಜನಸಂಖ್ಯೆ ನೋಡಿ ಅದಕ್ಕೊಂದು ಮೌಲ್ಯ ಕಟ್ಟುತ್ತಾರೆ. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಒಬ್ಬ ಸಂಸದರದು 700. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸೇರಿಸಿದರೆ 18, 7, 8, ಒಟ್ಟು 33 ಶಾಸಕರು. ಗುಣಿಸಿದರೆ 4,323. ಇಡೀ ದೇಶದ ಒಟ್ಟು ಮೌಲ್ಯ ಹತ್ತು ಲಕ್ಷ ದಾಟುತ್ತದೆ. ಅದರ ಮುಂದೆ ನಮ್ಮದು ಚಿಟಿಕೆ ಉಪ್ಪು. ಆದರೆ ಚಿಟಿಕೆ ಉಪ್ಪು ಜಾಸ್ತಿಯಾದರೂ ಕಡಿಮೆಯಾದರೂ ಸಾರಿನ ರುಚಿ ಕೆಡುತ್ತದೆ.

ಈಗ ಸುಮ್ನೆ ಕೂತವರ ಲೆಕ್ಕಕ್ಕೆ ಬರೋಣ. ಗೆಲ್ಲಲು ಬೇಕಾದದ್ದು ಒಟ್ಟು ಮತದ ಅರ್ಧ ಅಲ್ಲ, ಹಾಕಿದ ಸರಿಯಾದ ಮತಗಳ ಅರ್ಧಕ್ಕಿಂತ ಜಾಸ್ತಿ. ನೂರು ಮತ ಇವೆ ಅಂದುಕೊಳ್ಳಿ. ಒಬ್ಬರಿಗೆ 48 ಗ್ಯಾರಂಟಿ, ಇನ್ನೊಬ್ಬರಿಗೆ 40. ಮೂರನೇ ಪಕ್ಷದ ಕೈಯಲ್ಲಿ 12. ಆ 12 ಹೋಗಿ ಎರಡನೆಯವರಿಗೆ ಸೇರಿದರೆ 52, ಗೆದ್ದರು. ಆ 12 ಮನೆಯಲ್ಲೇ ಕೂತರೆ? ಹಾಕಿದ ಮತ 88. ಅದರ ಅರ್ಧ 44. 45 ಬಂದವರು ಗೆದ್ದ ಹಾಗೆ. 48 ಇದ್ದವರು ಬೆವರೇ ಹರಿಸದೆ ದಡ ಸೇರಿದರು.

ಚಹಾದಂಗಡಿಯ ಟೇಬಲ್ ಮೇಲೆ ಕಡಲೆಕಾಳು ಇಟ್ಟು ಇದನ್ನೇ ತೋರಿಸಿದೆ. ಮೆಂಬರ್ ಸಾಹೇಬರು ಹನ್ನೆರಡು ಕಾಳು ಬದಿಗೆ ಸರಿಸಿದರು. ಉಳಿದವನ್ನು ನೋಡಿದರು. ಆಮೇಲೆ ಆ ಹನ್ನೆರಡನ್ನೂ ಬಾಯಿಗೆ ಹಾಕಿಕೊಂಡರು. ‘ಅಂದ್ರ ಕುಂತಾವನೂ ಓಟ್ ಹಾಕಿದಂಗ ಆತಲ್ರಿ’ ಅಂದರು. ನಾನು ಈ ಹತ್ತು ನಿಮಿಷದಲ್ಲಿ ಹೇಳಬೇಕೆಂದಿದ್ದ ಮಾತು ಅದೇ.

ಇದಕ್ಕೆ ನಾವು ತಟಸ್ಥ ಅನ್ನುತ್ತೇವೆ. ತಟ ಅಂದರೆ ಹೊಳೆಯ ದಂಡೆ. ದಂಡೆ ಮೇಲೆ ನಿಂತವನು ತಟಸ್ಥ. ಈ ಪದ ಹುಟ್ಟಿಸಿದವರು ಕೃಷ್ಣೆಯ ದಂಡೆಯಲ್ಲಿ ಒಂದು ಮಳೆಗಾಲ ಕಳೆದಿರಲಿಕ್ಕಿಲ್ಲ. 2019ರ ಆಗಸ್ಟಿನಲ್ಲಿ ನೀರು ಮೊದಲು ನುಗ್ಗಿದ್ದು ದಂಡೆಯವರ ಮನೆಗೇ.

ಪಕ್ಷವೊಂದು ಅಭ್ಯರ್ಥಿಯನ್ನೇ ನಿಲ್ಲಿಸದೆ ಇರುವುದೂ ಉಂಟು. ಅದಕ್ಕೆ ದೊಡ್ಡ ಉದಾಹರಣೆ 1977. ಆ ಕಥೆಯಲ್ಲಿ ನಮ್ಮ ಸಾವಳಗಿಯವರು ನಡುವೆಯೇ ಇದ್ದಾರೆ. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ ಆಗ ಉಪರಾಷ್ಟ್ರಪತಿ. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮುಂದಿನ ತಿಂಗಳೇ ಇಂದಿರಾ ಗಾಂಧಿ ಸೋತರು, ಜನತಾ ಸರ್ಕಾರ ಬಂತು. ಹೊಸ ಸರ್ಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಕಾಗದ ಕಳಿಸಿತು. ಜತ್ತಿಯವರು ಮೊದಲು ಹಿಂಜರಿದರು. ಕೊನೆಗೆ ಸಹಿ ಹಾಕಿದರು. ಜೂನ್‌ನಲ್ಲಿ ಆ ರಾಜ್ಯಗಳಲ್ಲಿ ಚುನಾವಣೆ ನಡೆದು ಹೊಸ ಶಾಸಕರು ಬಂದರು. ಆಮೇಲೆ ರಾಷ್ಟ್ರಪತಿ ಚುನಾವಣೆ.

ಜನತಾ ಪಕ್ಷ ನಿಲ್ಲಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ಇವರು ಯಾರು ಗೊತ್ತಲ್ವಾ? 1969ರಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ. ಆ ಹೆಸರು ಗಟ್ಟಿಯಾದದ್ದೇ ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಸಭೆಯ ಹೊತ್ತಿಗೆ. ಇಂದಿರಾ ಗಾಂಧಿ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಅಂದರು. ರೆಡ್ಡಿ ಸೋತರು, ವಿ.ವಿ. ಗಿರಿ ಗೆದ್ದರು, ಪಕ್ಷವೇ ಎರಡು ಹೋಳಾಯಿತು. ಎಂಟು ವರ್ಷದ ನಂತರ ಅದೇ ರೆಡ್ಡಿ ಎದುರು ಪಕ್ಷದಿಂದ ಬಂದು ನಿಂತಾಗ ಕಾಂಗ್ರೆಸ್ ಯಾರನ್ನೂ ನಿಲ್ಲಿಸಲಿಲ್ಲ. ಸಲ್ಲಿಕೆಯಾದ ನಾಮಪತ್ರ 37. ಅದರಲ್ಲಿ 36 ತಿರಸ್ಕೃತವಾದವು. ಒಂದೂ ಓಟು ಬೀಳದೆ ಅವಿರೋಧ ಆಯ್ಕೆ. ನಮ್ಮಲ್ಲಿ ರಾಷ್ಟ್ರಪತಿ ಹುದ್ದೆಗೆ ಅವಿರೋಧವಾಗಿ ಆಯ್ಕೆಯಾದವರು ಇವತ್ತಿಗೂ ಅವರೊಬ್ಬರೇ. ಜುಲೈ 25ಕ್ಕೆ ಜತ್ತಿಯವರು ಅಧಿಕಾರ ಒಪ್ಪಿಸಿ ಮತ್ತೆ ಉಪರಾಷ್ಟ್ರಪತಿಯ ಕುರ್ಚಿಗೆ ಮರಳಿದರು.

ಕಾಂಗ್ರೆಸ್ ಯಾರನ್ನೂ ನಿಲ್ಲಿಸದ್ದನ್ನು ದೊಡ್ಡತನ ಅನ್ನೋಣವೋ, ಲೆಕ್ಕಾಚಾರ ಅನ್ನೋಣವೋ? ನನಗೆ ಕಾಣೋದು ಲೆಕ್ಕಾಚಾರವೇ. ಗೆಲ್ಲುವ ಬಲ ಇರಲಿಲ್ಲ. ಸೋತ ಗಾಯ ಹಸಿಯಿತ್ತು. ಮತ್ತೊಮ್ಮೆ ಸೋಲೋದಕ್ಕಿಂತ ಒಪ್ಪಿಕೊಳ್ಳೋದು ಮೇಲು. ಆದರೂ ಅದರಲ್ಲಿ ಒಂದು ನೇರ ಇತ್ತು. ಎಲ್ಲರಿಗೂ ಕಾಣುವ ಹಾಗೆ ಪಕ್ಷ ಹಿಂದೆ ಸರಿಯಿತು.

ಶ್ರೀಲಂಕಾದಲ್ಲಿ ಯುಎನ್‌ಪಿ ಪಕ್ಷ ಇದನ್ನೇ ಎರಡು ಸಲ ಮಾಡಿತು. 2010ರಲ್ಲಿ ತನ್ನವರನ್ನು ನಿಲ್ಲಿಸದೆ ಸರತ್ ಫೊನ್ಸೇಕಾ ಬೆನ್ನಿಗೆ ನಿಂತು ಸೋತಿತು. 2015ರಲ್ಲಿ ಮೈತ್ರಿಪಾಲ ಸಿರಿಸೇನ ಬೆನ್ನಿಗೆ ನಿಂತಿತು. ಆ ಸಲ ಸಿರಿಸೇನ ಗೆದ್ದರು, ಯುಎನ್‌ಪಿ ನಾಯಕ ರನಿಲ್ ವಿಕ್ರಮಸಿಂಘೆ ಪ್ರಧಾನಿಯಾದರು.

ಕೈಯಲ್ಲಿ ಓಟಿದ್ದೂ ಹಾಕದೆ ಕೂರುವುದು ಬೇರೆ ಜಾಣತನ. 2012ರಲ್ಲಿ ಕಾಂಗ್ರೆಸ್ಸಿನ ಪ್ರಣಬ್ ಮುಖರ್ಜಿ ಮತ್ತು ಬಿಜೆಪಿ ಬೆಂಬಲದ ಪಿ.ಎ. ಸಂಗ್ಮಾ ನಡುವೆ ಸ್ಪರ್ಧೆ. ತೆಲುಗು ದೇಶಂ ದೂರ ಉಳಿಯಿತು. ಅದಕ್ಕೆ ಕಾಂಗ್ರೆಸ್ಸೂ ಬೇಡ, ಬಿಜೆಪಿಯೂ ಬೇಡ. ಪ್ರತ್ಯೇಕ ತೆಲಂಗಾಣ ರಾಜ್ಯ ಕೊಡಲಿಲ್ಲ ಅನ್ನೋ ಸಿಟ್ಟಿಗೆ ಟಿಆರ್‌ಎಸ್ ಪಕ್ಷವೂ ದೂರ ಉಳಿಯಿತು. ಎಡಪಕ್ಷಗಳ ಮನೆಯಲ್ಲೇ ಎರಡು ಒಲೆ ಹೊತ್ತಿಕೊಂಡವು. ಸಿಪಿಎಂ ಪ್ರಣಬ್‌ಗೆ ಮತ ಹಾಕಿತು, ಸಿಪಿಐ ಹಾಕಲಿಲ್ಲ. ಪ್ರಣಬ್ ಮಾತ್ರ ಭಾರಿ ಅಂತರದಿಂದ ಗೆದ್ದರು.

ಇಲ್ಲಿ ಒಂದು ತೊಡಕಿದೆ. ಈ ಚುನಾವಣೆಯಲ್ಲಿ ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನೋ ಆದೇಶ, ಕೊಡುವ ಹಾಗಿಲ್ಲ. ಮತ ಗುಟ್ಟಿನದು. ಹಾಕಿ ಅಂತಲೋ ಹಾಕಬೇಡಿ ಅಂತಲೋ ಕೇಳಿಕೊಳ್ಳಬಹುದು, ಅಪ್ಪಣೆ ಮಾಡೋ ಹಾಗಿಲ್ಲ ಅಂತ 2007ರಲ್ಲಿ ಚುನಾವಣಾ ಆಯೋಗ ಸ್ಪಷ್ಟವಾಗಿ ಹೇಳಿತು. ಆ ವರ್ಷ ಕಾಂಗ್ರೆಸ್ಸೂ ಬೇಡ, ಬಿಜೆಪಿಯೂ ಬೇಡ ಅಂದ ಪಕ್ಷಗಳ ತೃತೀಯ ರಂಗ ದೂರ ಉಳಿಯುತ್ತೇವೆ ಅಂದಿತ್ತು. ಮತದಾನದ ದಿನ ಅದೇ ರಂಗದ ಅಣ್ಣಾ ಡಿಎಂಕೆಯವರು ಬಂದು ಓಟು ಹಾಕಿಯೇ ಬಿಟ್ಟರು!

ಹಾಗಾದರೆ ದೂರ ಉಳಿಯೋದರ ಲಾಭ ಏನು? ಗುಟ್ಟಿನ ಮತದಲ್ಲಿ ಶಾಸಕ ಯಾರಿಗೆ ಹಾಕಿದ ಅಂತ ನಾಯಕನಿಗೂ ಗೊತ್ತಾಗೋದಿಲ್ಲ. ಆದರೆ ಬಂದನೋ ಇಲ್ಲವೋ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮವರು ಅಡ್ಡಮತ ಹಾಕುತ್ತಾರೆ ಅನ್ನೋ ಭಯ ಇರುವ ನಾಯಕನಿಗೆ ಎಲ್ಲರನ್ನೂ ಮನೆಯಲ್ಲಿ ಕೂರಿಸುವುದೇ ಸುಲಭದ ದಾರಿ. ಪತ್ರಿಕೆಗೆ ತತ್ವದ ಮಾತು ಕೊಟ್ಟರಾಯಿತು.

ಆ ಭಯ ಸುಳ್ಳೇನಲ್ಲ. ಅದೇ 2012ರ ಜುಲೈನಲ್ಲಿ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರ. ಪಕ್ಷದ ಬೆಂಬಲ ಸಂಗ್ಮಾಗೆ. ಎಣಿಸಿದಾಗ ಲೆಕ್ಕಕ್ಕಿಂತ ಜಾಸ್ತಿ ಮತ ಪ್ರಣಬ್‌ಗೆ ಬಿದ್ದಿದ್ದವು. ಮೂರು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 11ಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟಿಸಲು ಅದೇ ಪ್ರಣಬ್ ಮುಖರ್ಜಿ ಬಂದರು. ಸ್ವಾಗತಕ್ಕೆ ನಿಂತವರಲ್ಲಿ ಯಾರು ಹಾಕಿದ್ದರು, ಯಾರು ಹಾಕಿರಲಿಲ್ಲ, ಆ ಬಿಳಿ ಕಟ್ಟಡಕ್ಕೂ ಗೊತ್ತಿಲ್ಲ.

ಉಪರಾಷ್ಟ್ರಪತಿ ಚುನಾವಣೆಯಲ್ಲೂ ಇದೇ. 2022ರಲ್ಲಿ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಮ್ಮ ಮಾರ್ಗರೆಟ್ ಆಳ್ವ ನಿಂತಾಗ, ಹೆಸರು ಆರಿಸುವಾಗ ನಮ್ಮನ್ನು ಕೇಳಲಿಲ್ಲ ಅಂತ ತೃಣಮೂಲ ಕಾಂಗ್ರೆಸ್ ದೂರ ಉಳಿಯಿತು. 2025ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಬಿಆರ್‌ಎಸ್ ಹೊಸ ಕಾರಣ ಕೊಟ್ಟಿತು: ರೈತರಿಗೆ ಯೂರಿಯಾ ಸಿಗುತ್ತಿಲ್ಲ. ಅಂತರ 152 ಮತಗಳಿದ್ದವು, ಅವರ ನಾಲ್ಕು ಜನ ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಯೂರಿಯಾ ಅಂದ ಕೂಡಲೆ ನಮ್ಮ ಮೆಂಬರ್ ಸಾಹೇಬರ ಕಿವಿ ನೆಟ್ಟಗಾಯಿತು. ‘ಆಮ್ಯಾಲ ಸಿಕ್ತೇನ್ರಿ?’ ಅಂತ ಕೇಳಿದರು.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರ ಜುಲೈ ಹೊತ್ತಿಗೆ ಬರುತ್ತದೆ. ಶಾಸಕರಿಗೆ ಗುಲಾಬಿ ಮತಪತ್ರ, ಸಂಸದರಿಗೆ ಹಸಿರು. ಆವತ್ತು ಟಿವಿ ಮುಂದೆ ಕೂತು ಬಂದವರನ್ನಲ್ಲ, ಬಾರದವರನ್ನು ಎಣಿಸುತ್ತೇನೆ ಅಂತ ಸಾಹೇಬರು ಹೇಳಿದ್ದಾರೆ. ಚಹಾದ ದುಡ್ಡು ಮಾತ್ರ ನನ್ನ ಕೈಯಿಂದಲೇ ಕೊಡಿಸಿದರು.

ನಮಸ್ಕಾರ.